ಕಾಲು ಗಂಟೆಯ ಮೇಲೆ ಕಾಲು ಗಂಟೆ

ಶನಿಗ್ರಹ ದೂರದರ್ಶಕದ ನಡುವೆ ಬಂದು ಕೂರುತ್ತಿತ್ತು; ಏಳೆಂಟು ನಿಮಿಷದಲ್ಲಿ ಅಂಚಿಗೆ ಜಾರಿ ಮಾಯವಾಗುತ್ತಿತ್ತು. ಆಕಾಶ ತಿರುಗಿದಂತೆ ತಾನೂ ತಿರುಗಬೇಕಾದ ಕಂಪ್ಯೂಟರ್ ಯಂತ್ರ ಅದು. ನನ್ನ ಹೆಂಡತಿಯ ಕೈಯಲ್ಲಿ ಒಂದು ದಿನವೂ ಹೀಗೆ ಹಟ ಮಾಡಿರಲಿಲ್ಲ.

ತನ್ನ ತಾಯಿಗೆ ಶನಿಯ ಬಳೆ ತೋರಿಸುತ್ತೇನೆಂದು ಅವಳು ಮಾತು ಕೊಟ್ಟಿದ್ದಳು. ನಾಲ್ಕು ತಿಂಗಳ ಹಿಂದೆ ದೇವರು ಅವಳನ್ನು ಕರೆಸಿಕೊಂಡ. ಮಾತು ನನ್ನ ಪಾಲಿಗೆ ಉಳಿಯಿತು. ಅತ್ತೆಗೆ ತೊಂಬತ್ತು ವರ್ಷ. ಗಾಲಿಕುರ್ಚಿಯಲ್ಲಿ ಅವರನ್ನು ಅಂಗಳಕ್ಕೆ ತಂದು, ಕತ್ತು ಬಗ್ಗಿಸಿ, ಮಂಜಾದ ಕಣ್ಣನ್ನು ಮಸೂರಕ್ಕೆ ಹೊಂದಿಸುವಷ್ಟರಲ್ಲಿ ಹತ್ತು ನಿಮಿಷವಾಗುತ್ತಿತ್ತು. ಗ್ರಹವನ್ನು ಮತ್ತೆ ಹುಡುಕಲು ಅವರನ್ನು ಪಕ್ಕಕ್ಕೆ ಸರಿಸಬೇಕು. ಮತ್ತೆ ಅದೇ ಹತ್ತು ನಿಮಿಷ. ಇನ್ನು ನಾಲ್ಕು ಸಂಜೆ ಕಳೆದರೆ ಶನಿ ಎದುರು ಮನೆಯ ಹಿಂದೆ ಇಳಿದುಬಿಡುತ್ತಿತ್ತು.

ದೂರದರ್ಶಕದ ಮುಕ್ಕಾಲಿಯನ್ನು ಮಟ್ಟ ಮಾಡಿದೆ. ಬ್ಯಾಟರಿ ಬದಲಿಸಿದೆ. ತಿರುಪುಗಳನ್ನು ಬಿಗಿ ಮಾಡಿದೆ, ಸಡಿಲಿಸಿದೆ, ಮತ್ತೆ ಬಿಗಿ ಮಾಡಿದೆ. ಮನೆಯಲ್ಲಿ ಪ್ರಾರ್ಥನೆಗೆ ಕುಳಿತರೂ ಕಿವಿ ಅದರ ಮೋಟಾರಿನ ಕಡೆಗೇ. ಲೋಕವೆಲ್ಲ ಶನಿ ತೊಲಗಲಿ ಎಂದು ಬೇಡಿಕೊಂಡರೆ ನಾನೊಬ್ಬ ಅದು ನಿಲ್ಲಲಿ ಎಂದು ಬೇಡುತ್ತಿದ್ದೆ.

ಮರುದಿನ ಸಂಜೆ ಪಕ್ಕದ ಬೀದಿಯ ಕ್ಯಾಮೆರಾ ರಿಪೇರಿಯವನನ್ನು ಕರೆದುಕೊಂಡು ಬಂದೆ. ಅವನು ಯಂತ್ರವನ್ನು ಬಿಚ್ಚಲೇ ಇಲ್ಲ. ಯಂತ್ರ ಹಚ್ಚಿದಾಗ ಮೊದಲು ಏನು ಕೇಳುತ್ತದೆ ಎಂದ. ಗಂಟೆ ಎಷ್ಟೆಂದು ಕೇಳುತ್ತದೆ, ಗೋಡೆ ಗಡಿಯಾರ ನೋಡಿ ಹೇಳುತ್ತೇನೆ ಎಂದೆ. ಆ ಗಡಿಯಾರ ಕಾಲು ಗಂಟೆ ಮುಂದಿದೆ. ಪ್ರಾರ್ಥನಾ ಸಭೆಗೆ ನಾನು ಸದಾ ತಡವೆಂದು ಹೆಂಡತಿ ಹಾಗೆ ಇಟ್ಟಿದ್ದಳು. ಆ ಕಾಲು ಗಂಟೆಯನ್ನು ಕಳೆದೇ ಯಂತ್ರದಲ್ಲಿ ಒತ್ತುತ್ತೇನೆ ಎಂದೂ ಹೇಳಿದೆ.

"ಹಾಗಾದ್ರೆ ಈಗೆಷ್ಟು?"

ಗಡಿಯಾರದಲ್ಲಿ ಏಳೂಕಾಲು. ನಾನು ಏಳು ಎಂದೆ.

ಅವನು ಮೊಬೈಲು ತೋರಿಸಿದ. ಆರೂಮುಕ್ಕಾಲು. "ಯಜಮಾನ್ರೇ, ಯಂತ್ರಕ್ಕೇನೂ ಆಗಿಲ್ಲ. ನೀವು ಹೇಳಿದ ಹೊತ್ತನ್ನ ನಂಬಿ ಪಾಪ ಅದು ಬೇರೆ ಆಕಾಶದ ಹಿಂದೆ ಹೋಗ್ತಿದೆ."

ಒಳಗಿನಿಂದ ಅತ್ತೆಯ ನಗು ಕೇಳಿಸಿತು.

"ನೀವು ಕಾಲು ಗಂಟೆ ಕಳೀತೀರಂತ ಗೊತ್ತಾದ್ಮೇಲೆ ನನ್ನ ಮಗಳು ಮುಳ್ಳನ್ನ ಇನ್ನೊಂದು ಕಾಲು ಗಂಟೆ ಮುಂದಕ್ಕೆ ತಿರುಗಿಸಿದ್ಲು, ಅಳಿಯಂದಿರೇ. ಹತ್ತಿದ ಸ್ಟೂಲನ್ನ ನಾನೇ ಹಿಡ್ಕೊಂಡಿದ್ದೆ. ಆಗಿನ್ನೂ ಕಾಲು ಗಟ್ಟಿ ಇತ್ತು."

ಈ ಕೆಲವು ವರ್ಷ ಪ್ರಾರ್ಥನೆಗೆ ಎಲ್ಲರಿಗಿಂತ ಮೊದಲು ಹೋಗಿ ಕೂರುತ್ತಿದ್ದೆ. ವಯಸ್ಸಿನ ಜೊತೆ ಭಕ್ತಿಯೂ ಬಲಿಯಿತೆಂದು ಒಳಗೊಳಗೇ ಬೀಗಿದ್ದೆ.

ಮೊಬೈಲಿನ ಹೊತ್ತನ್ನು ಒತ್ತಿ, ಯಂತ್ರಕ್ಕೆ ದಿಕ್ಕು ತಿಳಿಯಲೆಂದು ಒಂದು ನಕ್ಷತ್ರಕ್ಕೆ ಮತ್ತೆ ಗುರಿಯಿಟ್ಟು ಶನಿಗೆ ತಿರುಗಿಸಿದೆವು. ಅತ್ತೆಯನ್ನು ತಂದು ಕೂರಿಸಿದೆವು. ಅವರ ಕಣ್ಣು ಮಸೂರಕ್ಕೆ ಹೊಂದಲು ಎಂದಿನಂತೆ ಹತ್ತು ನಿಮಿಷ ಹಿಡಿಯಿತು. ನಾನು ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದೆ.

ತಡೆಯಲಾರದೆ, "ಹೋಯ್ತಾ ಅತ್ತೆ?" ಎಂದೆ.

"ಇಲ್ಲೇ ಇದೆ. ಬಳೆ ಹಾಕ್ಕೊಂಡು ಕೂತಿದೆ. ನೀವು ಸ್ವಲ್ಪ ಸುಮ್ನಿರಿ."

ಒಳಗೆ ಗಡಿಯಾರ ಎಂಟು ಹೊಡೆಯಿತು. ಅದನ್ನು ಸರಿಮಾಡಲೆಂದು ಸ್ಟೂಲು ಎತ್ತಿಕೊಂಡವನು, ಮುಳ್ಳನ್ನು ಮುಟ್ಟದೆ, ಸ್ಟೂಲನ್ನು ಅಂಗಳದಲ್ಲಿ ಅತ್ತೆಯ ಪಕ್ಕಕ್ಕೆ ಎಳೆದುಕೊಂಡು ಕುಳಿತೆ.