ರಜೆಯ ಮೇಲಿದ್ದ ಅಕ್ಕ

ಬೇಸಗೆಯ ಸಂಜೆ ಐದೂವರೆಗೆ, ಬಿಸಿಲು ಇನ್ನೂ ಗುಡ್ಡದ ಮೇಲೆ ಕಾಲು ಚಾಚಿ ಕೂತಿರುವಾಗ, ಇದ್ವಾಲ್ ಪ್ರಿಚರ್ಡನನ್ನು ಮಲಗಿಸಿಬಿಡುತ್ತಿದ್ದರು. ಮಲಗಿಸುವವರು ಊರಾಡಳಿತದ ಕೌನ್ಸಿಲ್ ಗೊತ್ತುಮಾಡಿದ ಆರೈಕೆ ಏಜೆನ್ಸಿಯವರು. ಕಣಿವೆಯಲ್ಲಿ ಕಾಲು ಸೋತವರು ಬಹಳ ಮಂದಿ. ರಾತ್ರಿಯಾಗುವುದರೊಳಗೆ ಎಲ್ಲರನ್ನೂ ಮಲಗಿಸಿ ಮುಗಿಸಬೇಕಾದರೆ ಯಾರಾದರೂ ಮೊದಲು ಮಲಗಲೇಬೇಕು. ಆ ಮರ್ಯಾದೆ ಇದ್ವಾಲನ ಪಾಲಿಗೆ ಬಂದಿತ್ತು. ಕಿಟಕಿಯಾಚೆ ಕುರಿಗಳು ಮೇಯುವುದನ್ನು ಬಿಟ್ಟು ಅವನನ್ನು ನೋಡುತ್ತಿದ್ದವು.

ಆ ಊರಿನಲ್ಲಿ ಕಸುಬು ಅಂಟದ ಹೆಸರಿಲ್ಲ. ಹಾಲಿನ ಜೋನ್ಸ್, ಹೆಣದ ಎವನ್ಸ್. ಇವನು ಐದೂವರೆ ಇದ್ವಾಲ್ ಆದ. ಅದನ್ನೂ ಸಹಿಸಿಕೊಳ್ಳುತ್ತಿದ್ದನೇನೋ. ಆದರೆ ಗುರುವಾರ ಸಂಜೆ ಪಬ್ಬಿನಲ್ಲಿ ಡಾಮಿನೋ ಆಟ. ಮೀಸೆ ಮೂಡಿದಂದಿನಿಂದ ತಪ್ಪಿಸದೆ ಆಡಿದವನು. ಕಾಲು ಹೋದರೇನು, ಬಿಲ್ಲೆ ಇಡುವುದು ಕೈಯಲ್ಲವೇ ಎಂದು ಅವನ ವಾದ.

"ಹಾಗಾದ್ರೆ ಕೌನ್ಸಿಲ್ ಕೊಡೋ ದುಡ್ಡನ್ನ ನೀವೇ ತಗೊಂಡು, ನಿಮಗೆ ಬೇಕಾದವರನ್ನ ನೀವೇ ಕೆಲಸಕ್ಕಿಟ್ಕೊಳ್ಳಿ," ಎಂದಳು ಕೌನ್ಸಿಲಿನಿಂದ ಬಂದ ಕಾರಿಸ್. "ಎಷ್ಟೊತ್ತಿಗೆ ಮಲಗೋದು ಅಂತ ನೀವೇ ಹೇಳ್ಬಹುದು. ನೀವೇ ಯಜಮಾನರು."

"ನಮ್ಮಕ್ಕನ್ನ ಇಟ್ಕೋತೀನಿ."

ಅಕ್ಕ ಒಲ್ವೆನ್ ಅಲ್ಲೇ ಒಲೆಯ ಮುಂದಿದ್ದಳು. ಹುಟ್ಟಿದ್ದು, ಮದುವೆಯಾಗದೆ ಉಳಿದದ್ದು ಎಲ್ಲ ಅದೇ ಮನೆಯಲ್ಲಿ. ಶಾಲೆಯ ಅಡುಗೆಮನೆಯಲ್ಲಿ ಹಂಡೆ ಎತ್ತಿ ಗಟ್ಟಿಯಾದ ತೋಳು. ತಮ್ಮನನ್ನು ಎತ್ತುವುದು ಅವಳಿಗೆ ದೊಡ್ಡದಲ್ಲ. ಆದರೆ ಕಾರ್ಮಿಕ ಸಂಘದ ಹಳೆಯ ಹುಲಿ. ಸಂಬಳದವರು ಮಾಡುವ ಕೆಲಸವನ್ನು ಬಿಟ್ಟಿ ಮಾಡಿದರೆ ಇನ್ನೊಬ್ಬರ ಅನ್ನ ಕಸಿದಂತೆ ಎಂದು ನಂಬಿದವಳು. ಅದಕ್ಕೇ ಏಜೆನ್ಸಿಯವರು ಬಂದಾಗ ಕೈಕಟ್ಟಿ ನಿಂತು ನೋಡುತ್ತಿದ್ದಳು.

"ಒಂದೇ ಮನೇಲಿರೋ ಸಂಬಂಧಿಕರನ್ನ ಇಟ್ಕೊಳ್ಳೋ ಹಾಗಿಲ್ಲ," ಎಂದಳು ಕಾರಿಸ್. "ಬೇರೆ ಮನೇಲಿದ್ರೆ ಅಡ್ಡಿಯಿಲ್ಲ."

ಒಲ್ವೆನ್ ಕಿಟಕಿಯಿಂದ ಅಂಗಳ ನೋಡಿದಳು. ಅಲ್ಲಿ ಗಾಲಿಯ ಮೇಲಿನ ಪುಟ್ಟ ಮನೆ, ಅಪ್ಪನ ಕಾಲದ ಕ್ಯಾರವಾನ್ ಒಂದಿತ್ತು. ಒಳಗೆ ಕೋಳಿಗಳ ಸಂಸಾರ.

"ಅದು ಬೇರೆ ಮನೆ ಅನ್ನಿಸ್ಕೊಳ್ಳುತ್ತಾ?"

"ಬಾಗಿಲು ಬೇರೆ, ಅಂಚೆ ಪೆಟ್ಟಿಗೆ ಬೇರೆ ಇದ್ರೆ ಸಾಕು."

ಶನಿವಾರ ಕೋಳಿಗಳು ಹೊರಗೆ ಬಂದವು, ಒಲ್ವೆನ್ ಒಳಗೆ ಹೋದಳು.

ಸೋಮವಾರ ಬೆಳಿಗ್ಗೆ ಅವಳು ತಾನು ಹುಟ್ಟಿದ ಮನೆಯ ಬಾಗಿಲು ತಟ್ಟಿ, "ಒಳಗೆ ಬರಬಹುದಾ, ಮಿಸ್ಟರ್ ಪ್ರಿಚರ್ಡ್?" ಎಂದಳು. ಇದ್ವಾಲ್ ನಕ್ಕ. ಅವಳು ನಗಲಿಲ್ಲ. ಕೆಲಸದ ವೇಳೆಯಲ್ಲಿ ಯಜಮಾನನನ್ನು ಬೈಯುವುದು ಕ್ರಮವಲ್ಲವೆಂದು ಬೈಗುಳವನ್ನೆಲ್ಲ ಕೂಡಿಟ್ಟುಕೊಂಡು, ಕೆಲಸ ಮುಗಿಸಿ ಕ್ಯಾರವಾನಿಗೆ ಹೋಗಿ, ಅಲ್ಲಿಂದ ಫೋನು ಮಾಡಿ ಬೈಯುತ್ತಿದ್ದಳು. "ಆ ಕೊಳಕು ಸ್ವೆಟರನ್ನ ಎಷ್ಟು ದಿನ ಹಾಕ್ಕೋತೀಯೋ ಹಂದಿ?" ಎಂದು ಕೇಳುವಾಗ ಕಿಟಕಿಯಲ್ಲಿ ಅವಳ ಕೈ ಆಡುವುದು ಕೂಡ ಕಾಣುತ್ತಿತ್ತು. ಏನೇ ಇರಲಿ, ಗುರುವಾರ ಇದ್ವಾಲ್ ಪಬ್ಬಿನಲ್ಲಿರುತ್ತಿದ್ದ. ತನಗೆ ಬೇಕೆನಿಸಿದಾಗ ಮಲಗುತ್ತಿದ್ದ.

ಕೆಟ್ಟದ್ದು ವರ್ಷದ ಕೊನೆಗೆ. ಕೆಲಸದವರ ಗುಣದೋಷ ಹೇಳುವುದು ಯಜಮಾನನ ಕರ್ತವ್ಯವೆಂದು ಕಾರಿಸ್ ಇಬ್ಬರನ್ನೂ ಎದುರುಬದುರು ಕೂರಿಸಿದಳು.

"ಎಲ್ಲ ಚೆನ್ನಾಗಿದೆ," ಎಂದ ಇದ್ವಾಲ್.

"ಸುಧಾರಿಸ್ಕೋಬೇಕಾದ್ದು ಒಂದಾದ್ರೂ ಇರುತ್ತಲ್ಲ?"

ಪ್ರಾಮಾಣಿಕತೆ ಕೆಲವರಿಗೆ ಹೊತ್ತಲ್ಲದ ಹೊತ್ತಿನಲ್ಲಿ ಮೈಮೇಲೆ ಬರುತ್ತದೆ. "ಓಟ್ಸ್ ಗಂಜೀಲಿ ಸ್ವಲ್ಪ ಗಂಟಿರುತ್ತೆ," ಎಂದುಬಿಟ್ಟ.

ಒಲ್ವೆನ್ "ಗಮನಿಸಿದೆ" ಎಂದಷ್ಟೇ ಹೇಳಿ ಎದ್ದುಹೋದಳು. ತುಸು ಹೊತ್ತಿಗೆ ಫೋನು ಬಂತು. "ಅಮ್ಮ ಹೋದಾಗಿಂದ ಅದೇ ಗಂಜಿ ತಿಂತಿದ್ದೀಯಲ್ಲೋ?" ಕಿಟಕಿಯಲ್ಲಿ ಅವಳು ಕ್ಯಾಲೆಂಡರಿನ ಹಾಳೆ ತಿರುವುವುದು ಕಂಡಿತು. "ನನಗೆ ರಜೆ ಬಾಕಿ ಇದೆ. ನಾಳೆಯಿಂದ ತಗೋತೀನಿ."

ಡಾಮಿನೋ ಫೈನಲ್ ಇದ್ದ ವಾರವೇ ಅದು.

ಒಲ್ವೆನ್ ಎಲ್ಲಿಗೂ ಹೋಗಲಿಲ್ಲ. ಅಂಗಳದಲ್ಲಿ ಅವನ ಕಿಟಕಿಗೆ ನೇರವಾಗಿ ಕುರ್ಚಿ ಹಾಕಿಕೊಂಡು, ಕೋಟು ಹೊದ್ದು, ಚಹಾ ಕುಡಿಯುತ್ತ ರಜೆ ಕಳೆದಳು. ಬದಲಿಗೆ ಸಿಕ್ಕವರು ಹಳೆಯ ಏಜೆನ್ಸಿಯವರೇ. ಅವರ ಗಡಿಯಾರವೂ ಹಳೆಯದೇ. ಇದ್ವಾಲ್ ಫೋನು ಮಾಡಿದ.

"ಅಕ್ಕಾ, ಗುರುವಾರ ಪಬ್ಬಿಗೆ ಕರ್ಕೊಂಡು ಹೋಗ್ತೀಯಾ?"

"ನಿಮ್ಮ ಕೆಲಸದವರು ರಜೆಯಲ್ಲಿದ್ದಾರೆ, ಮಿಸ್ಟರ್ ಪ್ರಿಚರ್ಡ್."

"ಅಕ್ಕ ಆಗಿ ಬಾರೇ."

"ಅಕ್ಕ ಬಿಟ್ಟಿ ಎತ್ತೋಳಲ್ಲ."

ಗುರುವಾರ ಐದೂವರೆಗೆ ಏಜೆನ್ಸಿಯವರು ಅವನನ್ನು ಮಲಗಿಸಿ, ಪರದೆ ಎಳೆದು ಹೋದರು. ಇದ್ವಾಲ್ ಛಾವಣಿ ನೋಡುತ್ತ ಮಲಗಿದ್ದ. ಗೋಡೆಯಾಚೆ ಕುರಿಯೊಂದು ಕೆಮ್ಮಿತು. ಆಮೇಲೆ ಬಾಗಿಲು ತಟ್ಟಿದ ಸದ್ದು.

ಒಲ್ವೆನ್ ಬಂದು ಮಂಚದ ಪಕ್ಕ ನಿಂತಳು. ತಲೆಯ ಮೇಲೆ ಚರ್ಚಿಗೆ ಹೋಗುವಾಗ ಹಾಕುವ ಹ್ಯಾಟು.

"ನಾನು ಕೆಲಸಕ್ಕೆ ಬಂದಿಲ್ಲ," ಎಂದಳು. "ನೆಂಟರ ಮನೆಗೆ ಬಂದಿದ್ದೀನಿ. ನೆಂಟರು ಬಂದಾಗ ಹೀಗಾ ಬಿದ್ಕೊಂಡಿರೋದು?"

"ಏಳಕ್ಕಾಗಲ್ಲ ಕಣೇ."

"ಗೊತ್ತು." ಅವಳು ಹ್ಯಾಟು ತೆಗೆದಿಟ್ಟು ಅಂಗಿಯ ತೋಳು ಮಡಚಿದಳು. "ಸಂಘದವರಿಗೆ ಹೇಳಿದ್ಯೋ, ಕೊಂದುಬಿಡ್ತೀನಿ."

ಫೈನಲಿನಲ್ಲಿ ಇದ್ವಾಲನ ತಂಡ ಸೋತಿತು ಅನ್ನುವುದು ಬೇರೆ ಮಾತು.

ಮರುದಿನ ಬೆಳಿಗ್ಗೆ ಇದ್ವಾಲ್ ಗಾಲಿಕುರ್ಚಿ ಉರುಳಿಸಿಕೊಂಡು ಅಂಗಳ ದಾಟಿ ಕ್ಯಾರವಾನಿನ ಬಾಗಿಲು ತಟ್ಟಿದ. ಮೆಟ್ಟಿಲಿದ್ದುದರಿಂದ ಒಳಗೆ ಹೋಗುವಂತಿರಲಿಲ್ಲ. ಕಿಟಕಿ ತೆರೆಯಿತು.

"ಮನೆಗೆ ಬಂದ್ಬಿಡು ಅಕ್ಕಾ. ದುಡ್ಡು ಬೇಡ ಅಂತ ಕೌನ್ಸಿಲಿಗೆ ಹೇಳ್ತೀನಿ."

"ಏನೂ ಹೇಳ್ಬೇಡ. ಹುಟ್ಟಿದಾಗಿಂದ ನೀನು ನನ್ನ ರೂಮಿಗೆ ಬಾಗಿಲು ತಟ್ಟಿ ಬಂದಿದ್ದುಂಟಾ? ಇವತ್ತೇ ಮೊದಲು." ಅವಳು ಕಿಟಕಿಯಿಂದ ಬಟ್ಟಲೊಂದನ್ನು ಇಳಿಸಿದಳು. ಓಟ್ಸ್ ಗಂಜಿ. "ತಿನ್ನು. ಸೋಮವಾರ ಕೆಲಸಕ್ಕೆ ಬರ್ತೀನಿ."

ಅವನು ಒಂದು ಚಮಚ ಬಾಯಿಗಿಟ್ಟ.

"ಹೇಗಿದೆ?"

"ಯಜಮಾನ ಹೇಳ್ಬೇಕಾ, ತಮ್ಮ ಹೇಳ್ಬೇಕಾ?"

"ಮನೆಗೆ ಬಂದ ನೆಂಟ ಹೇಳಲಿ."

"ತುಂಬಾ ಚೆನ್ನಾಗಿದೆ," ಎಂದು ಇದ್ವಾಲ್ ಗಂಟನ್ನು ಅಗಿಯದೆ ನುಂಗಿದ.