ಐದನೇ ಕ್ಲಾಸಿನ ನೆಲ

ಉಲ್ಲಾಳ ದಾಟಿದ್ರೆ ಬಾವಿಪಾಳ್ಯ. ಅಲ್ಲಿನ ಸರ್ಕಾರಿ ಶಾಲೆ ಐದನೇ ಕ್ಲಾಸಲ್ಲಿ ಬೆಳಿಗ್ಗೆ ಮೊದಲನೇ ಸಾಲಲ್ಲಿ ಕೂತ ಮಕ್ಕಳು ಬಿಸಿಯೂಟದ ಬೆಲ್ ಹೊಡೆಯೋ ಹೊತ್ತಿಗೆ ಹಿಂದಿನ ಗೋಡೆ ಹತ್ರ ಇರ್ತಿದ್ವು. ಎದ್ದು ಹೋಗಿದ್ದಲ್ಲ, ಜಾರಿದ್ದು. ಊಟ ಮುಗಿಸಿ ಬಂದು ಮತ್ತೆ ಬೋರ್ಡ್ ಹತ್ರ ಕೂತು, ನಾಲ್ಕು ಗಂಟೆ ಹೊತ್ತಿಗೆ ಮತ್ತೆ ಗೋಡೆ ಸೇರೋವು. ಹಂಗಾಗಿ ಆ ಕ್ಲಾಸಲ್ಲಿ ಮುಂದಿನ ಬೆಂಚು, ಹಿಂದಿನ ಬೆಂಚು ಅನ್ನೋ ಭೇದಭಾವ ಇರ್ಲಿಲ್ಲ. ಬೆಂಚೂ ಇರ್ಲಿಲ್ಲ ಅನ್ನಿ.

ತಪ್ಪು ಬಾವಿದು. ಊರಿನ ಹಳೇ ಬಾವಿ ಮುಚ್ಚಿ ಅದರ ಮೇಲೆ ಆ ಕೋಣೆ ಕಟ್ಟಿದ್ರು. ಆದ್ರೆ ತಾನು ಮುಚ್ಚಿ ಹೋಗಿದೀನಿ ಅನ್ನೋದನ್ನ ಬಾವಿ ಯಾಕೋ ಒಪ್ಪಿರ್ಲಿಲ್ಲ. ವರ್ಷಕ್ಕೆ ಎರಡು ಬೆರಳಿನಷ್ಟು ನೆಲನ ತನ್ನ ಕಡೆಗೆ ಎಳ್ಕೊಳ್ತಾ ಇತ್ತು. ಹಿಂದಿನ ಗೋಡೆ ಕಡೆ ಒಂದೂವರೆ ಅಡಿ ತಗ್ಗು. ಬೋರ್ಡ್ ಹತ್ರ ಸೀಮೆಸುಣ್ಣ ಬಿದ್ರೆ ಟೀಚರ್ ವಿಮಲಮ್ಮ ಬಗ್ಗಿ ಎತ್ಕೊಳ್ಳೋಕೆ ಹೋಗ್ತಿರ್ಲಿಲ್ಲ. ಹಿಂದಿನ ಗೋಡೆ ಹತ್ರ ಕೂತವರಿಗೆ "ಬಂತೇನ್ರೋ?" ಅಂತ ಕೇಳೋರು. "ಬಂತ್ರೀ ಟೀಚರ್" ಅಂತ ಉತ್ತರ ಬರೋದು.

ಇದೆಲ್ಲ ಎರಡು ಸಾವಿರದ ಆರನೇ ಇಸವಿ ಮಾರ್ಚ್ ತಿಂಗಳ ಮಾತು. ಜನವರಿಯಲ್ಲೇ ಮೇಲಿನವರ ಕಾಗದ ಬಂದಿತ್ತು. ಜೂನ್ ಒಳಗೆ ನೆಲ ಸರಿಯಾಗದಿದ್ರೆ ಕೋಣೆಗೆ ಬೀಗ, ಐದನೇ ಕ್ಲಾಸಿಂದ ಮೇಲಿನವೆಲ್ಲ ರಿಂಗ್ ರೋಡ್ ಆಚೆ ಶಾಲೆಗೆ ಸೇರುತ್ವೆ. ವಿಮಲಮ್ಮನ ನಿದ್ದೆ ಕೆಡಿಸಿದ್ದು ಇದೇ. ಕ್ಲಾಸಲ್ಲಿದ್ದ ನಲವತ್ತು ಮಕ್ಕಳಲ್ಲಿ ಮೂವತ್ತು ಮಕ್ಕಳು ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರದ್ದು. ಆ ರಸ್ತೆಯಲ್ಲಿ ಲಾರಿ ಓಡಾಡೋದನ್ನ ನೋಡಿದ ಯಾವ ತಾಯೂ ಮಗುನ ಆಚೆಗೆ ಕಳಿಸಲ್ಲ. ಗಾರೆ ಮೇಸ್ತ್ರಿ ಭರಮಪ್ಪ ಬಾಯಿಬಿಟ್ಟು ಹೇಳೇ ಬಿಟ್ಟಿದ್ದ. "ಅಷ್ಟ ದೂರ ಕಳಸಂಗಿಲ್ರೀ ಬಾಯಾರ. ದಾನಮ್ಮ ಸೈಟ್‌ನ್ಯಾಗ ತಮ್ಮನ್ನ ನೋಡ್ಕೊಂಡ ಇರ್ತಾಳ." ದಾನಮ್ಮ ಆ ಕ್ಲಾಸಲ್ಲಿ ಲೆಕ್ಕಕ್ಕೆ ಮೊದಲನೆಯವಳು. ಜಾರೋದರಲ್ಲೂ ಮೊದಲನೆಯವಳು, ತೂಕ ಕಮ್ಮಿ.

ಹಂಗಾಗಿ ವಿಮಲಮ್ಮ ರಾಜಾಜಿನಗರದ ಗೌರಮ್ಮ ಶಿಕ್ಷಣ ನಿಧಿಗೆ ಅರ್ಜಿ ಹಾಕಿದ್ರು. ಲೇತ್ ಮೆಷಿನ್ ಇಟ್ಕೊಂಡು ಮೇಲೆ ಬಂದ ಗಂಗಾಧರಯ್ಯ ಅನ್ನೋರು ತಮ್ಮ ತಾಯಿ ಹೆಸರಲ್ಲಿ ನಡೆಸೋ ನಿಧಿ ಅದು. ವರ್ಷಕ್ಕೆ ಒಂದೇ ಸರ್ಕಾರಿ ಶಾಲೆಗೆ ಸಹಾಯ. ಅರ್ಜಿಯಲ್ಲಿ ವಿಮಲಮ್ಮ ಸುತ್ತುಬಳಸಿ ಬರೀಲಿಲ್ಲ. "ನಮ್ಮ ಮಕ್ಕಳು ಓದುತ್ತಾ ಓದುತ್ತಾ ಹಿಂದೆ ಬೀಳುತ್ತಿದ್ದಾರೆ. ದಯವಿಟ್ಟು ಬಂದು ನೋಡಿ." ಬಂದು ನೋಡ್ತೀವಿ ಅಂತ ಉತ್ತರ ಬಂತು. ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ.

ಅಲ್ಲೇ ಎಡವಟ್ಟಾಯ್ತು. ಶನಿವಾರ ವಿಮಲಮ್ಮನಿಗೆ ವೋಟರ್ ಲಿಸ್ಟ್ ಡ್ಯೂಟಿ. ಶಾಲೆಯಲ್ಲಿ ಉಳಿದಿದ್ದು ಹೆಡ್‌ಮಾಸ್ಟರ್ ಚಿಕ್ಕಹನುಮಯ್ಯ. ಮೂವತ್ತೊಂದು ವರ್ಷ ಸರ್ವೀಸು, ರಿಟೈರ್ ಆಗೋಕೆ ಇನ್ನೆರಡು ತಿಂಗಳು, ಒಂದೇ ಒಂದು ರಿಮಾರ್ಕ್ ಇಲ್ಲ. ಯಾಕಿಲ್ಲ ಅಂದ್ರೆ ಇನ್‌ಸ್ಪೆಕ್ಷನ್ ಅನ್ನೋ ಮಾತು ಕಿವಿಗೆ ಬಿದ್ದ ತಕ್ಷಣ ಅವರ ಕೈಕಾಲು ತಾವಾಗೇ ಕೆಲಸ ಶುರು ಮಾಡೋವು. ಹಿಂದೊಂದು ಸಲ ಸಾಹೇಬ್ರು ಬರ್ತಾರೆ ಅಂತ ಗೊತ್ತಾಗಿ ಒಂದೇ ರಾತ್ರೀಲಿ ಶಾಲೆ ಮುಂದೆ ತೋಟ ಎಬ್ಬಿಸಿದ್ರು. ಸಾಹೇಬ್ರು ಗುಲಾಬಿ ಗಿಡ ಮುಟ್ಟಿದಾಗ ಅದು ಕೈಗೇ ಬಂತು. "ನಿಮಗೇ ಅಂತ ಬೆಳೆಸಿದ್ದು ಸಾರ್" ಅಂದಿದ್ರು ಚಿಕ್ಕಹನುಮಯ್ಯ. ಸಾಹೇಬ್ರು ಖುಷಿಯಾಗಿ ಗಿಡ ಮನೆಗೆ ತಗೊಂಡೋದ್ರು.

ಸೋಮವಾರ ಬೆಳಿಗ್ಗೆ ವಿಮಲಮ್ಮ ಐದನೇ ಕ್ಲಾಸಿನ ಬಾಗಿಲು ತೆಗೆದು ಹಂಗೇ ನಿಂತ್ಬಿಟ್ರು. ಕಾಲಡಿ ನೆಲ ಕೇರಂ ಬೋರ್ಡ್ ಥರ ಮಟ್ಟವಾಗಿದೆ. ಅದರ ಮೇಲೆ ಛತ್ರದ ಕೆಂಪು ಜಮಖಾನ. ಜಮಖಾನದ ಮೇಲೆ ಕೆಂಗೇರಿ ಉಪನಗರದ ಟ್ಯುಟೋರಿಯಲ್‌ನಿಂದ ತಂದ ಇಪ್ಪತ್ತು ಬೆಂಚು. ಮೇಜಿನ ಮೇಲೆ ಯಾವುದೋ ಕಾನ್ವೆಂಟಿನ ಗ್ಲೋಬು, ಅದರ ಹೊಟ್ಟೆ ಮೇಲೆ ಆ ಕಾನ್ವೆಂಟಿನ ಸೀಲು.

"ಸಾರ್, ಏನ್ ಸಾರ್ ಇದು?"

"ಒಂದು ಟ್ರ್ಯಾಕ್ಟರ್ ಮರಳು ಮೇಡಮ್. ಭರಮಪ್ಪ ರಸಮಟ್ಟ ಇಟ್ಟು, ಅದರ ಗುಳ್ಳೆ ನೋಡಿ ನೋಡಿ ಹಾಸಿಕೊಟ್ಟ." ಚಿಕ್ಕಹನುಮಯ್ಯ ಹೊಸ ಪಂಚೆಯಲ್ಲಿ ಮದುಮಗನ ಅಪ್ಪನ ಥರ ನಿಂತಿದ್ರು. "ಹೆಂಗೆ?"

"ಅಯ್ಯೋ ಸಾರ್, ಅವ್ರು ಬರ್ತಿರೋದೇ ಸೊಟ್ಟ ನೆಲ ನೋಡೋಕೆ."

"ಸೊಟ್ಟ ನೆಲ ತೋರಿಸೋಕಾಗುತ್ತಾ ಮೇಡಮ್? ಮರ್ಯಾದೆ ಪ್ರಶ್ನೆ."

ಅವರ ಮುಖದಲ್ಲಿ ಎಷ್ಟು ಸಂತೋಷ ಇತ್ತು ಅಂದ್ರೆ ವಿಮಲಮ್ಮನಿಗೆ ಬಯ್ಯೋಕೂ ಬಾಯಿ ಬರ್ಲಿಲ್ಲ. ಅಷ್ಟರಲ್ಲಿ ಹೊರಗಡೆ ಕಾರು ನಿಂತ ಸದ್ದಾಯ್ತು.

ಬಂದವರು ಇಬ್ಬರು. ಎಪ್ಪತ್ತರ ಹತ್ರದ ಗಂಗಾಧರಯ್ಯ, ಜೇಬಲ್ಲಿ ಪೆನ್ನಿರಬೇಕಾದ ಕಡೆ ಗೇಣುದ್ದದ ರಸಮಟ್ಟ ಇಟ್ಕೊಂಡಿದ್ದ ಮನುಷ್ಯ. ಅವರ ಹಿಂದೆ ನಿಧಿಯ ಕಾರ್ಯದರ್ಶಿ ಯೋಗಾನಂದ, ಕೈಯಲ್ಲಿ ಫಾರಂ. ಚಿಕ್ಕಹನುಮಯ್ಯ ಇಬ್ಬರಿಗೂ ಒಂದೊಂದು ನಿಂಬೆಹಣ್ಣು ಕೊಟ್ಟು, ಹಾರ ಹಾಕಿ, ಕ್ಲಾಸಿಗೆ ಕರ್ಕೊಂಡು ಬಂದ್ರು.

ಯೋಗಾನಂದ ಒಂದು ಸುತ್ತು ನೋಡಿದ್ರು. "ಇಷ್ಟು ಚೆನ್ನಾಗಿರೋ ಕ್ಲಾಸ್ ರೂಮು ನನ್ನ ಮಗನ ಸ್ಕೂಲಲ್ಲೂ ಇಲ್ಲ" ಅಂದು, 'ಕಂಡ ಸ್ಥಿತಿ' ಅನ್ನೋ ಕಾಲಂನಲ್ಲಿ 'ನೆಲ: ಉತ್ತಮ' ಅಂತ ಇಂಕಲ್ಲಿ ಬರೆದ್ರು. ವಿಮಲಮ್ಮನಿಗೆ ಆ ಪೆನ್ನು ಎದೆ ಮೇಲೇ ಓಡಾಡಿದ ಹಂಗಾಯ್ತು. ನಿಜ ಹೇಳಿದ್ರೆ ಎರಡು ತಿಂಗಳಲ್ಲಿ ರಿಟೈರ್ ಆಗೋ ಮುದುಕರ ಮಾನ ಎಲ್ಲರೆದುರು ಹೋಗುತ್ತೆ. ಹೇಳದಿದ್ರೆ ದಾನಮ್ಮ ಸೈಟಲ್ಲಿ ತಮ್ಮನ್ನ ಎತ್ಕೊಂಡು ಕೂರ್ತಾಳೆ.

"ಎದ್ದೇಳ್ರಪ್ಪ, ನಮಸ್ಕಾರ ಹೇಳಿ" ಅಂದ್ರು ಚಿಕ್ಕಹನುಮಯ್ಯ.

ನಲವತ್ತು ಮಕ್ಕಳೂ ಎದ್ವು. ಎದ್ದು ಮುಂದಕ್ಕೆ ವಾಲಿಕೊಂಡು ನಿಂತ್ವು. ವರ್ಷಪೂರ್ತಿ ಇಳಿಜಾರಲ್ಲಿ ಬೋರ್ಡ್ ಕಡೆ ಮುಖ ಮಾಡಿ ಕೂತು ನಿಂತು, ಹಿಂದಕ್ಕೆ ಜಾರದೇ ಇರೋಕೆ ಮುಂದಕ್ಕೆ ಬಾಗೋದು ಆ ಮೈಗಳಿಗೆ ರೂಢಿಯಾಗ್ಬಿಟ್ಟಿತ್ತು. ನೆಲ ಮಟ್ಟ ಆದ್ರೂ ಮೈಗಳಿಗೆ ಯಾರೂ ತಿಳಿಸಿರ್ಲಿಲ್ಲ. ಓಟದ ಪಂದ್ಯದಲ್ಲಿ ಸೀಟಿಗೆ ಕಾಯೋರ ಹಂಗೆ ನಲವತ್ತೂ ಒಂದೇ ಕೋನದಲ್ಲಿ ನಿಂತು "ನಮಸ್ತೇ ಸಾರ್" ಅಂದ್ವು.

"ಎಷ್ಟು ಗಮನ ಕೊಡ್ತಾರೆ" ಅಂದು ಯೋಗಾನಂದ ಅದನ್ನೂ ಬರ್ಕೊಂಡ್ರು.

ಗಂಗಾಧರಯ್ಯನ ಕಣ್ಣು ಮಕ್ಕಳ ಮೇಲೇ ಇತ್ತು. ನಲವತ್ತು ವರ್ಷ ಲೇತ್ ಮುಂದೆ ನಿಂತ ಕಣ್ಣು ಅದು. ಮನೇಲಿ ದೋಸೆ ಒಂದು ಕಡೆ ದಪ್ಪ ಇದ್ರೆ ಪಕ್ಕದ ರೂಮಿಂದಲೇ ಹೇಳೋರಂತೆ. ಜೇಬಿಂದ ರಸಮಟ್ಟ ತೆಗೆದು ಜಮಖಾನದ ಮೇಲಿಟ್ರು. ಗುಳ್ಳೆ ನಟ್ಟನಡುವೆ ನಿಂತು ಅಲ್ಲಾಡ್ಲಿಲ್ಲ. ಮೇಲೆದ್ದು ಒಂದು ಕಣ್ಣು ಮುಚ್ಚಿ ಮಕ್ಕಳ ಸಾಲು ನೋಡಿದ್ರು.

"ನೆಲ ಸರಿಯಾಗಿದೆ. ಮಕ್ಕಳು ಏಳು ಡಿಗ್ರಿ ಸೊಟ್ಟ ಇದಾರೆ. ಯಾಕ್ರೀ ಮೇಷ್ಟ್ರೇ?"

"ಭಕ್ತಿ ಸಾರ್" ಅಂದ್ರು ಚಿಕ್ಕಹನುಮಯ್ಯ ಒಂದು ಕ್ಷಣವೂ ತಡ ಮಾಡ್ದೆ. "ವಿದ್ಯೆ ಅಂದ್ರೆ ನಮ್ಮ ಮಕ್ಕಳು ಬಾಗ್ತಾರೆ."

ಮೊದಲನೇ ಬೆಂಚಿಂದ ದಾನಮ್ಮ ಕೈ ಎತ್ತಿದ್ಲು. ಸುಳ್ಳು ಲೆಕ್ಕ ಬೋರ್ಡ್ ಮೇಲಿದ್ರೆ ಆ ಹುಡುಗಿಗೆ ಸುಮ್ನಿರೋಕೆ ಆಗ್ತಿರ್ಲಿಲ್ಲ.

"ನಾವು ಸೊಟ್ಟ ಇಲ್ರೀ ಸರ. ನೆಲಾನ ಇವತ್ತ ನೆಟ್ಟಗ ಆಗೇತ್ರಿ."

ವಿಮಲಮ್ಮ ಹೆಡ್‌ಮಾಸ್ಟರ ಮುಖ ನೋಡಿದ್ರು, ದಾನಮ್ಮನ ಮುಖ ನೋಡಿದ್ರು, ಆಮೇಲೆ ಮುಂದೆ ಬಂದ್ರು.

"ಸಾರ್, ಅವಳು ಹೇಳಿದ್ದೇ ನಿಜ. ನಿಮ್ಮನೆಗೆ ನೆಂಟರು ಬರ್ತಾರೆ ಅಂದ್ರೆ ಹರಿದ ಚಾಪೆ ಒಳಗಿಟ್ಟು ಪಕ್ಕದ್ಮನೆ ಜಮಖಾನ ತಂದು ಹಾಸಲ್ವಾ? ಹಂಗೇ ಹಾಸಿದೀವಿ. ಬೆಂಚು ನಮ್ಮದಲ್ಲ, ಗ್ಲೋಬು ನಮ್ಮದಲ್ಲ, ಈ ಮಟ್ಟನೂ ನಮ್ಮದಲ್ಲ. ಹಾಸಿದ್ದು ಶಾಲೆ ಮೇಲಿನ ಪ್ರೀತಿಗೆ, ನಿಮಗೆ ಮೋಸ ಮಾಡೋಕಲ್ಲ. ಅರ್ಜಿಯಲ್ಲಿ ಬರೆದ ನೆಲ ಇದರ ಕೆಳಗಿದೆ. ಅದನ್ನ ನೋಡ್ದೆ ಹೋಗ್ಬೇಡಿ."

"ಮೇಡಮ್, ಫಾರಂ ಇಂಕಲ್ಲಿ ತುಂಬಿ ಆಗಿದೆ" ಅಂದ್ರು ಯೋಗಾನಂದ.

ಯಾರೂ ಏನೂ ಅನ್ನೋಕೆ ಮುಂಚೆ ಚಿಕ್ಕಹನುಮಯ್ಯ ಹೊಸ ಪಂಚೆ ಎತ್ತಿ ಕಟ್ಟಿದ್ರು. ಬಗ್ಗಿ ಜಮಖಾನದ ಒಂದು ಮೂಲೆ ಹಿಡ್ಕೊಂಡ್ರು. ಮೂವತ್ತೊಂದು ವರ್ಷದಲ್ಲಿ ಹಾಸಿದ್ದನ್ನ ಸಾಹೇಬ್ರ ಎದುರಿಗೇ ಎತ್ತಿದ್ದು ಅದೇ ಮೊದಲು.

"ಮೇಡಮ್, ಆ ಕಡೆ ಹಿಡ್ಕೊಳ್ಳಿ."

ಬೆಂಚು ಹೊರಗೆ ಹೋದ್ವು, ಜಮಖಾನ ಸುರುಳಿಯಾಯ್ತು. ಮರಳಿಗೆ ಮಕ್ಕಳು ಬಿಸಿಯೂಟದ ತಟ್ಟೆ ತಂದ್ವು. ಕಟ್ಟಡದ ಮೇಲೆ ಅಪ್ಪ ಅಮ್ಮ ಬಾಂಡ್ಲಿ ಕೈಯಿಂದ ಕೈಗೆ ದಾಟಿಸೋದನ್ನ ಹುಟ್ಟಿದಾಗಿಂದ ನೋಡಿದ ಮಕ್ಕಳು. ಸಾಲಾಗಿ ನಿಂತು ತಟ್ಟೆ ದಾಟಿಸೋಕೆ ಶುರು ಮಾಡಿದ್ರೆ ಮರಳು ಕಿಟಕಿಯಿಂದ ನೀರಿನ ಹಂಗೆ ಹೊರಗೆ ಹರೀತು. ಹಿಂದೆ ನಿಂತಿದ್ದ ಒಂದು ಬೆಕ್ಕೂ ಅದರ ಜೊತೆ ಹೋಯ್ತು ಅಂತಾರೆ. ಬೆಕ್ಕು ಆಮೇಲೆ ವಾಪಸ್ ಬಂತು. ಒಂದು ಟ್ರ್ಯಾಕ್ಟರ್ ಮರಳು ಅರ್ಧ ಗಂಟೇಲಿ ಖಾಲಿ.

ಬಾವಿ ಎಳೆದಿದ್ದ ನೆಲ ಬೆಳಕು ಕಂಡಿತು.

ಬಾಗಿ ನಿಂತಿದ್ದ ನಲವತ್ತು ಮಕ್ಕಳೂ ಅದರ ಮೇಲೆ ಕಾಲಿಟ್ಟ ತಕ್ಷಣ ಕಂಬದ ಹಂಗೆ ನೆಟ್ಟಗಾದ್ವು. ಈಗ ಗಂಗಾಧರಯ್ಯನೇ ಸೊಟ್ಟ ಕಂಡ್ರು. ಅವರು ಕೈಲಿದ್ದ ನಿಂಬೆಹಣ್ಣನ್ನ ಬೋರ್ಡ್ ಕೆಳಗೆ ಇಟ್ರು. ಅದು ಒಂದು ಗಳಿಗೆ ಯೋಚಿಸಿ, ಹೊರಟು, ವೇಗ ಹಿಡಿದು, ಹಿಂದಿನ ಗೋಡೆಗೆ ಹೋಗಿ ಬಡೀತು.

"ಬಂತ್ರೀ ಟೀಚರ್" ಅಂತು ಕ್ಲಾಸು.

ಯೋಗಾನಂದ ನಿಯಮದ ಮನುಷ್ಯ. ಬೋರ್ಡ್ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಕೂತು, "ನಿಂಬೆಹಣ್ಣು ದುಂಡಗಿರುತ್ತೆ ಸಾರ್, ಅದನ್ನ ಪುರಾವೆ ಅನ್ನೋಕಾಗಲ್ಲ" ಅಂತ ಬರೆಯೋಕೆ ಶುರು ಮಾಡಿದ್ರು. 'ನಿಂಬೆಹಣ್ಣು' ಅಂತ ಬರೆಯೋವಾಗ ಮೇಜು ದಾಟಿದ್ರು. 'ದುಂಡಗಿರುತ್ತೆ' ಹೊತ್ತಿಗೆ ಕೋಣೆ ಮಧ್ಯ. ಪೂರ್ಣವಿರಾಮ ಹಾಕಿದ್ದು ಹಿಂದಿನ ಗೋಡೆಗೆ ಬೆನ್ನು ತಾಗಿದಾಗ. ತಲೆ ಎತ್ತಿ ನೋಡಿದ್ರೆ ಬೋರ್ಡು ದೂರದಲ್ಲಿ. ಫಾರಂ ನಾಲ್ಕಾಗಿ ಹರಿದು ಜೇಬಲ್ಲಿ ಹಾಕ್ಕೊಂಡು, "ಹೊಸ ಫಾರಂ ಕಾರಲ್ಲಿದೆ, ಯಾರಾದ್ರೂ ತರ್ತೀರಾ? ನನಗೆ ಹತ್ತೋಕಾಗಲ್ಲ" ಅಂದ್ರು.

ಗಂಗಾಧರಯ್ಯ ವಿಮಲಮ್ಮನ ಕಡೆ ತಿರುಗಿದ್ರು. "ನೆಲ ನಾವು ಮಾಡಿಸ್ತೀವಿ. ಬೆಂಚೂ ಕೊಡ್ತೀವಿ. ಇಷ್ಟು ಕಂಡಮೇಲೆ ಇನ್ನೊಂದು ಶಾಲೆ ನೋಡೋ ಮಾತಿಲ್ಲ. ಆದ್ರೆ ಒಂದು ಹೇಳಿ. ಆ ಮರಳು ಹಾಸಿದ್ದು ಯಾರು? ಗುಳ್ಳೆ ಕೂದಲೆಳೆಯಷ್ಟೂ ಅಲ್ಲಾಡ್ಲಿಲ್ಲ."

"ನಮ್ಮಪ್ಪ ರೀ" ಅಂದ್ಲು ದಾನಮ್ಮ.

"ಹಂಗಾದ್ರೆ ಕಾಂಕ್ರೀಟೂ ಅವನೇ ಹಾಕ್ಲಿ."

ವಿಮಲಮ್ಮ ಸೆರಗಿಂದ ಮೂಗೊರೆಸ್ಕೊಂಡ್ರು. ಚಿಕ್ಕಹನುಮಯ್ಯ ಆ ಕಡೆ ತಿರುಗಿ ಗ್ಲೋಬ್ ಒರೆಸೋಕೆ ನಿಂತ್ರು, ಅದರ ಮೇಲೆ ಧೂಳೇ ಇಲ್ಲದಿದ್ರೂ.

ಏಪ್ರಿಲ್ಲು, ಮೇ ಎರಡೂ ತಿಂಗಳು ಭರಮಪ್ಪ ಬಾವಿ ಜೊತೆ ಹಟಕ್ಕೆ ಬಿದ್ದ. ಹದಿನೆಂಟು ಲೋಡು ಕಲ್ಲು ನುಂಗಿದ ಮೇಲೆ ಬಾವಿ ಒಂದು ತೇಗು ತೇಗ್ತಂತೆ, ನಾಯಂಡಹಳ್ಳಿ ಗ್ಯಾರೇಜಿನವರು ಟೈರ್ ಸಿಡೀತು ಅಂತ ಹೊರಗೆ ಓಡಿ ಬಂದ್ರಂತೆ. ಅದಾದಮೇಲೆ ಅದು ಸುಮ್ಮನಾಯ್ತು. ನಿಧಿಯವರು ನಿಯಮಕ್ಕೆ ಒಂದು ಸಾಲು ಸೇರಿಸಿದ್ರು: ನಾವು ಬರೋ ಮುಂಚೆ ಏನೂ ಒಪ್ಪ ಮಾಡಕೂಡದು. ಶಾಲೆಗಳಿಗೆ ಅದು ಬಹಳ ಕಷ್ಟ ಆಯ್ತು. ಇದ್ದದ್ದನ್ನ ಇದ್ದ ಹಾಗೆ ಬಿಡೋದು ಹೇಗೆ ಅಂತ ಹೇಳಿಕೊಡೋಕೆ ನಿಧಿಯವರು ಒಬ್ಬ ಅನುಭವಸ್ಥರನ್ನ ಊರೂರಿಗೆ ಕಳಿಸಿದ್ರು. ರಿಟೈರ್ ಆದ ಚಿಕ್ಕಹನುಮಯ್ಯನನ್ನ.

ಜೂನ್ ಒಂದನೇ ತಾರೀಖು ಬಾಗಿಲಿಗೆ ಬೀಗ ಬೀಳಲಿಲ್ಲ, ಮಾವಿನ ತೋರಣ ಏರಿತು. ರಿಂಗ್ ರೋಡ್ ಆಚೆ ಯಾರೂ ಹೋಗಲಿಲ್ಲ. ಹೊಸ ಐದನೇ ಕ್ಲಾಸಿನ ಜೊತೆ ಆರಕ್ಕೆ ಪಾಸಾದವರೂ ನೋಡೋಕೆ ನುಗ್ಗಿದ್ರು, ಇನ್ನೂ ಸ್ವಲ್ಪ ಮುಂದಕ್ಕೆ ಬಾಗ್ಕೊಂಡೇ. ವಿಮಲಮ್ಮ ಬೋರ್ಡ್ ಕೆಳಗೆ ಒಂದು ನಿಂಬೆಹಣ್ಣು ಇಟ್ಟು ಕೈ ತೆಗೆದ್ರು. ಹಿಂದಿನ ಗೋಡೆ ಹತ್ರ ದಾನಮ್ಮ ಎರಡು ಕೈ ಬೊಗಸೆ ಮಾಡ್ಕೊಂಡು ಕೂತಿದ್ಲು.

"ಬಂತೇನೇ?"

ದಾನಮ್ಮ ತುಂಬ ಹೊತ್ತು ನೋಡಿದ್ಲು.

"ಬರಂಗಿಲ್ರೀ ಟೀಚರ್."

ಶಾಲೆಗೆ ಶಾಲೆಯೇ ಚಪ್ಪಾಳೆ ತಟ್ಟಿತು. ಕಿಟಕಿ ಗಾಜು ಅದುರಿತು, ತೋರಣದ ಎಲೆ ಉದುರಿತು. ನಿಂಬೆಹಣ್ಣು ಮಾತ್ರ ಇಟ್ಟ ಕಡೆಯೇ ಇತ್ತು.