ಅಕ್ಕನಿಗೆ ಹೇಳುತ್ತಿದ್ದ ಮೊತ್ತ

"ಬಾಯಿಗೇನು ಬೀಗ ಹಾಕ್ಕೊಂಡಿದೀಯಾ? ದುಡ್ಡು ಎಲ್ಲಿ ಅಂತ ಕೇಳ್ತಾ ಇದೀನಿ!"

"ಇದೆ ಅಕ್ಕ. ಎಲ್ಲೂ ಹೋಗಿಲ್ಲ."

"ಇದ್ರೆ ತೆಗಿ. ಸಂಜೆ ಒಳಗೆ ಕೋಣೆ ದುಡ್ಡು ಆಯಮ್ಮನಿಗೆ ಕೊಡ್ಬೇಕು. ವಾರದಿಂದ ಇವತ್ತು, ನಾಳೆ ಅಂತ ಕುಣಿಸ್ತಾ ಇದೀಯಲ್ಲ, ನಾನೇನು ನಿನ್ನ ಹತ್ರ ಸಾಲ ಕೇಳೋಕೆ ಬಂದಿದೀನಾ?"

"ಇರೋದು ಇದೆ. ನೀನು ಅಂದ್ಕೊಂಡಷ್ಟು ಇಲ್ಲ."

"ನಾನು ಅಂದ್ಕೊಂಡಷ್ಟಾ? ನಾನೇನು ಕನಸು ಕಂಡಿದ್ನಾ? ಹೋದ ತಿಂಗಳು ಇದೇ ಕುರ್ಚೀಲಿ ಕೂತು, ಫೋನ್ ನೋಡಿ, ಇಷ್ಟಾಗಿದೆ ಅಕ್ಕ ಅಂತ ಹೇಳ್ದೋನು ಯಾರು? ನಿನ್ನ ದೆವ್ವಾನಾ?"

ತಮ್ಮ ತಲೆ ಎತ್ತಲಿಲ್ಲ. ಉಗುರಿನ ಸಂದಿಯಲ್ಲಿ ಕೂತಿದ್ದ ಗ್ರೀಸನ್ನು ಬಟ್ಟೆ ಚೂರಿನಿಂದ ಒರೆಸುತ್ತಲೇ ಇದ್ದ. ಅಡುಗೆಮನೆಯಿಂದ ಅವನ ಹೆಂಡತಿ ಇಣುಕಿದಳು.

"ಅತ್ತಿಗೆ, ಮೊದ್ಲು ಟೀ ಕುಡೀರಿ. ಆಮೇಲೆ ಬೈಯೋರಂತೆ."

"ನಿನ್ನ ಟೀಗಿಷ್ಟು ಬೆಂಕಿ ಹಾಕ! ಅಲ್ಲೇ ಇಡು."

ಅಕ್ಕನಿಗೆ ಕೆಲಸ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ. ಒಗೆದು ಬಂದ ಹಾಸಿಗೆ ಬಟ್ಟೆಗಳನ್ನು ಕಾದ ಉರುಳೆಗಳ ನಡುವೆ ತೂರಿಸುವುದು, ಆಚೆ ಬದಿಯಿಂದ ಎಳೆಯುವುದು, ಬಿಸಿ ಆರುವ ಮೊದಲೇ ಮಡಿಸುವುದು. ಅವಳ ಮದುವೆಯ ವಯಸ್ಸು ತಮ್ಮನನ್ನು ಸಾಕುವುದರಲ್ಲೇ ಮುಗಿದುಹೋಯಿತು. ತಮ್ಮ ಲೇತ್ ಮಷೀನಿನ ಕೆಲಸ ಕಲಿತ, ಮದುವೆಯಾದ, ಮಗಳಾದಳು. ಮನೆಗೆ ಇದ್ದದ್ದು ಒಂದೇ ಕೋಣೆ, ಮುಂದೊಂದು ಹಾಲ್. ಅಕ್ಕ ಹಾಲ್‌ಗೆ ಬಂದಳು. ಟೀವಿ ಆರಿದ ಮೇಲೆ ಕುರ್ಚಿ ಸರಿಸಿ ಚಾಪೆ ಹಾಸಬೇಕು. ಪರೀಕ್ಷೆ ಹತ್ತಿರ ಬಂದರೆ "ಅತ್ತೆ, ಲೈಟ್ ಇರ್ಲಿ, ಓದ್ಬೇಕು" ಎನ್ನುತ್ತಿದ್ದಳು ತಮ್ಮನ ಮಗಳು. ಅಕ್ಕ ಸೆರಗನ್ನು ಮುಖಕ್ಕೆಳೆದುಕೊಂಡು ಮಲಗುತ್ತಿದ್ದಳು.

ಅವಳಿಗೆ ಬೇಕಾಗಿದ್ದದ್ದು ಒಂದೇ. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಬಾಗಿಲು.

ಆಸ್ಪತ್ರೆಯ ಕ್ಯಾಂಟೀನಿಗೆ ಬರುತ್ತಿದ್ದ ಒಬ್ಬ ಏಜೆಂಟು ಮ್ಯೂಚುವಲ್ ಫಂಡಿನ ವಿಷಯ ಹೇಳಿದ್ದ. ತಿಂಗಳು ತಿಂಗಳು ಕೈಲಾದಷ್ಟು ಹಾಕುತ್ತಾ ಹೋಗಿ, ಒಂದು ಹದಿನೈದು ವರ್ಷ ಅದರ ಕಡೆ ತಿರುಗಿಯೂ ನೋಡಬೇಡಿ ಎಂದ. ಅಕ್ಕ ಅಂದೇ ಒಪ್ಪಿದಳು. ಆದರೆ ಖಾತೆ ತೆರೆಯಲು ಹೋದರೆ ಬೆರಳಚ್ಚಿನ ಯಂತ್ರ ಅವಳನ್ನು ಒಪ್ಪಲಿಲ್ಲ. ಬಿಸಿ ಬಟ್ಟೆ ಎಳೆದೂ ಎಳೆದೂ ಬೆರಳ ತುದಿಗಳು ಗಾಜಿನ ಹಾಗೆ ನುಣ್ಣಗಾಗಿದ್ದವು. ಹತ್ತೂ ಬೆರಳು ಒತ್ತಿದ್ದಾಯಿತು, ಎಣ್ಣೆ ಸವರಿ ಒತ್ತಿದ್ದಾಯಿತು. ಕೊನೆಗೆ ಏಜೆಂಟು, "ಸದ್ಯಕ್ಕೆ ತಮ್ಮನ ಹೆಸರಲ್ಲಿ ಶುರು ಮಾಡಿ, ಮುಂದೆ ನೋಡೋಣ" ಎಂದ. ಆ ಮುಂದೆ ಬರಲೇ ಇಲ್ಲ. ಕಂಟ್ರಾಕ್ಟರು ಕೈಗೆ ಕೊಟ್ಟ ಸಂಬಳದಲ್ಲಿ ಒಂದು ಸಾವಿರ ತಮ್ಮನ ಕೈಗೆ ಹೋಗುತ್ತಿತ್ತು, ಅವನ ಖಾತೆಯಿಂದ ಫಂಡಿಗೆ. ಜ್ವರ ಬಂದ ತಿಂಗಳೂ ತಪ್ಪಲಿಲ್ಲ. ಚಪ್ಪಲಿ ಹರಿದ ತಿಂಗಳು ಪಿನ್ನು ಹಾಕಿಕೊಂಡು ನಡೆದಳು.

"ಹೇಳ್ತೀಯೋ, ಇಲ್ಲಾ ಆ ಏಜೆಂಟನ್ನೇ ಕರೀಲಾ?"

"ಮಾರ್ಬಿಟ್ಟೆ ಅಕ್ಕ."

"ಏನು?"

"ಎಲ್ಲಾ ಬೀಗ ಹಾಕ್ಕೊಂಡು ಕೂತಿದ್ವಲ್ಲ, ಆ ರೋಗದ ವರ್ಷ. ದಿನಾ ಬೀಳ್ತಾ ಇತ್ತು. ಬೆಳಗ್ಗೆ ನೋಡಿದ್ರೆ ಒಂದು, ಮಧ್ಯಾಹ್ನ ನೋಡಿದ್ರೆ ಇನ್ನೊಂದು. ಫೋನ್ ತೆಗೆದ್ರೆ ಕೆಂಪೋ ಕೆಂಪು. ಪೂರ್ತಿ ಮಾರ್ಬಿಟ್ಟೆ."

ಅವನನ್ನು ಕಳ್ಳ ಎನ್ನಲಾಗದು. ಅದೇ ಇಲ್ಲಿನ ಸಂಕಟ. ಲೇತ್ ಮುಂದೆ ನಿಲ್ಲುವವನಿಗೆ ಮೊದಲ ದಿನವೇ ಕಲಿಸುವ ಪಾಠ ಒಂದಿದೆ: ಮಷೀನು ಅದುರಿದರೆ, ಸದ್ದು ಬದಲಾದರೆ, ಯೋಚನೆ ಮಾಡುತ್ತಾ ನಿಲ್ಲಬೇಡ, ಮೊದಲು ಸ್ವಿಚ್ ಆರಿಸು. ಕಾರಣ ಆಮೇಲೆ ಹುಡುಕು. ಪಕ್ಕದ ಮಷೀನಿನವನು ಒಮ್ಮೆ ಕಾರಣ ಹುಡುಕುತ್ತಾ ನಿಂತು ಎರಡು ಬೆರಳು ಕಳೆದುಕೊಂಡದ್ದನ್ನು ಇವನು ಕಣ್ಣಾರೆ ಕಂಡಿದ್ದ. ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬಿಡದವನೆಂದು ವರ್ಕ್‌ಶಾಪಿನಲ್ಲಿ ಅವನನ್ನು 'ಮೈಕ್ರಾನ್' ಎಂದು ಕರೆಯುತ್ತಿದ್ದರು. ಫಂಡು ಅದುರಿತು, ಮೈಕ್ರಾನ್ ಸ್ವಿಚ್ ಆರಿಸಿದ. ಅಕ್ಕನ ದುಡ್ಡನ್ನು ಉಳಿಸಿದೆ ಎಂದೇ ತಿಳಿದಿದ್ದ. ಅದು ಆರಿಸಬಾರದ ಮಷೀನು ಎಂದು ಅವನಿಗೆ ಹೊಳೆಯಲಿಲ್ಲ.

"ಒಂದು ಪೈಸೆ ಮುಟ್ಟಿಲ್ಲ ಅಕ್ಕ. ಬಂದಿದ್ದನ್ನ ಹಾಗೇ ಬ್ಯಾಂಕಲ್ಲಿ ಇಟ್ಟಿದೀನಿ. ಆಮೇಲೆ ನೀನು ಕೊಟ್ಟಿದ್ದೂ ಅಲ್ಲೇ ಇದೆ."

"ಹಾಗಾದ್ರೆ ತಿಂಗಳು ತಿಂಗಳು ನಂಗೆ ಹೇಳ್ತಾ ಇದ್ಯಲ್ಲ, ಅದು ಯಾವ ಲೆಕ್ಕ?"

ಅವನು ಬಟ್ಟೆ ಚೂರನ್ನು ಕೆಳಗಿಟ್ಟ.

"ಮಾರದೇ ಇದ್ದಿದ್ರೆ ಎಷ್ಟಾಗ್ತಿತ್ತು ಅನ್ನೋ ಲೆಕ್ಕ."

ಫಂಡಿನ ಅಂದಂದಿನ ಬೆಲೆಯನ್ನು ಫೋನಿನಲ್ಲಿ ನೋಡುವುದು, ಮಾರಿಹಾಕಿದ ಯೂನಿಟ್ಟುಗಳಿಗೆ ಗುಣಿಸುವುದು, ಆಮೇಲಿನ ಸಾವಿರಗಳಿಗೆ ಬರಬೇಕಾಗಿದ್ದ ಯೂನಿಟ್ಟುಗಳನ್ನೂ ಸೇರಿಸುವುದು, ಆ ಮೊತ್ತವನ್ನು ಅಕ್ಕನಿಗೆ ಹೇಳುವುದು. ಅದರಲ್ಲೂ ಮೈಕ್ರಾನೇ. ಒಮ್ಮೆಯೂ ತಪ್ಪಿಲ್ಲ. ಅಕ್ಕ ಆ ಮೊತ್ತವನ್ನು ಕೇಳಿಸಿಕೊಂಡು ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದಳು. ಆ ದಿನ ಮಾತ್ರ ಅವಳು ಪಾತ್ರೆ ತೊಳೆಯುವಾಗ ಏನೋ ಗುನುಗುತ್ತಿದ್ದಳೆಂದು ಅವನ ಹೆಂಡತಿಗೆ ಗೊತ್ತು.

"ಓವರ್‌ಟೈಮ್ ಮಾಡಿ ತುಂಬಿಸ್ತೀನಿ ಅಂದ್ಕೊಂಡೆ. ತುಂಬಿಸಿದ ಮೇಲೆ ಹೇಳೋಣ ಅಂತ. ನಾನು ಓಟಿ ಮಾಡಿದಷ್ಟೂ ಅದು ಇನ್ನೂ ಮೇಲೆ ಹೋಗ್ತಾ ಇತ್ತು. ಕೈಗೇ ಸಿಗ್ಲಿಲ್ಲ."

"ಈಗ ಇರೋದೆಷ್ಟು?"

"ಓಟಿ ದುಡ್ಡೂ ಸೇರಿ, ನಾನು ಹೇಳಿದ್ದರಲ್ಲಿ... ಐದರಲ್ಲಿ ಮೂರು ಪಾಲು."

ಅಕ್ಕ ಕುರ್ಚಿಯ ಮೇಲೆ ಕೂತಳು. ಅಷ್ಟು ಹೊತ್ತಿನ ಕೂಗು ಎಲ್ಲಿ ಹೋಯಿತೋ. ಆಸ್ಪತ್ರೆಯ ಹಳೇ ಆಯಾ ಕೆಲಸ ಬಿಟ್ಟು ಮಗಳ ಮನೆಗೆ ಹೊರಟಿದ್ದಳು. ಮಾಳಿಗೆ ಮೇಲಿನ ಅವಳ ಕೋಣೆಗೆ ಒಂದು ಕಿಟಕಿ, ಒಂದು ನಲ್ಲಿ, ಗಟ್ಟಿ ಮರದ ಬಾಗಿಲು. ಕೊಳ್ಳಲು ಬೇರೆಯವರೂ ಕಾದಿದ್ದರು. ಸಂಜೆಯವರೆಗೆ ಮಾತ್ರ ಅಂದಿದ್ದಳು ಆಯಮ್ಮ.

"ಬಿದ್ದಿದ್ದಕ್ಕೆ ಮಾರ್ದೆ, ಹೋಗ್ಲಿ" ಎಂದಳು ಅಕ್ಕ ಸಣ್ಣ ದನಿಯಲ್ಲಿ. "ಹೆದರಿಕೆ ಯಾರಿಗಿಲ್ಲ. ಆ ವಾರಾನೇ ಬಂದು ಅಕ್ಕ, ಹಿಂಗಾಯ್ತು ಅಂದಿದ್ರೆ ಬೈದು, ಮತ್ತೆ ಹಾಕ್ಸ್ತಿದ್ದೆ. ಬಿದ್ದಾಗ ಅದೇ ದುಡ್ಡಿಗೆ ಜಾಸ್ತಿ ಯೂನಿಟ್ಟು ಸಿಗುತ್ತೆ ಅಂತ ಆ ಏಜೆಂಟು ಬಾಯಿ ಬಡ್ಕೊಂಡಿದ್ದ."

"ಹೌದಕ್ಕ."

"ಎರಡು ವರ್ಷದ ಹಿಂದೆ ಚರಂಡಿ ಪಕ್ಕದ ಕೋಣೆ ಬಂದಿತ್ತು. ನೆನಪಿದೆಯಾ? ಅಗ್ಗಕ್ಕೆ. ತಗೋತೀನಿ ಅಂದೆ. ನೀನೇನಂದೆ?"

ತಮ್ಮ ಮುಖ ಆಚೆ ತಿರುಗಿಸಿದ.

"ಬೇಡ ಅಕ್ಕ, ಇನ್ನೂ ಬೆಳೀಲಿ, ಕಿಟಕಿ ಇರೋದು ಸಿಗುತ್ತೆ ಅಂದೆ. ಎಷ್ಟು ಪ್ರೀತಿಯಿಂದ ಅಂದೆಯೋ! ನಾನು ಕೆಲ್ಸದಲ್ಲಿ ಎಲ್ಲರಿಗೂ ಹೇಳ್ಕೊಂಡು ಬಂದೆ, ನನ್ನ ತಮ್ಮ ನಂಗೆ ಕಿಟಕಿ ಬೇಕಂತಾನೆ ಅಂತ. ಇರೋ ದುಡ್ಡಿಗೆ ಆವಾಗ ಅದು ಬರ್ತಿತ್ತಾ, ಇಲ್ವಾ? ನಿಜ ಹೇಳು."

"ಬರ್ತಿತ್ತು."

ಒಳಗೆ ಸ್ಟೌ ಆರಿಸಿದ ಸದ್ದಾಯಿತು.

ಅಕ್ಕ ಎದ್ದಳು. ಮೂಲೆಯಲ್ಲಿ ಸುತ್ತಿಟ್ಟಿದ್ದ ಚಾಪೆ, ಒಳಗೆ ದಿಂಬು. ಎರಡು ಸೀರೆ, ಬಾಚಣಿಗೆ, ಕೆಲಸಕ್ಕೆ ಹಾಕುವ ಅಂಗಿಯನ್ನು ಚೀಲಕ್ಕೆ ತುಂಬಿದಳು. ಇಷ್ಟು ವರ್ಷ ಇದ್ದ ಮನೆಯಿಂದ ಒಯ್ಯಲು ಅಷ್ಟೇ ಇತ್ತು.

"ಅತ್ತಿಗೆ, ಎಲ್ಲಿಗೆ ಹೊರಟ್ರಿ? ಇವರ ಕೈಲಿ ತಪ್ಪಾಗಿದೆ. ನನ್ನ ಮುಖ ನೋಡಿ ಕೂತ್ಕೊಳ್ಳಿ."

"ನಿಂದೇನೂ ತಪ್ಪಿಲ್ಲಮ್ಮ. ಟೀ ನೀವಿಬ್ರೂ ಕುಡೀರಿ."

ತಮ್ಮ ಬಾಗಿಲಿಗೆ ಅಡ್ಡ ನಿಂತ. "ಎರಡು ವರ್ಷ ಕೊಡು ಅಕ್ಕ. ಎರಡೇ ವರ್ಷ. ಪೂರ್ತಿ ತುಂಬಿಸಿಕೊಡ್ತೀನಿ."

"ಎರಡು ವರ್ಷ ಯಾರ ಹಾಲ್‌ನಲ್ಲಿ ಮಲಗ್ಲೋ?"

ಅವನು ಅಳತೊಡಗಿದ. ಚಿಕ್ಕವನಿದ್ದಾಗ ಬಿದ್ದು ಬಂದು ಅಳುತ್ತಿದ್ದ ಹಾಗೆಯೇ, ಬಾಯಿ ಸೊಟ್ಟ ಮಾಡಿಕೊಂಡು. ಅಕ್ಕನ ಕೈ ತಾನಾಗಿಯೇ ಅವನ ತಲೆಯತ್ತ ಹೋಯಿತು. ಅರ್ಧದಲ್ಲಿ ನಿಂತಿತು. ಆ ಕೈಯಿಂದ ಅವನ ಭುಜ ಹಿಡಿದು ಪಕ್ಕಕ್ಕೆ ಸರಿಸಿದಳು.

"ಇರೋದನ್ನ ಆಸ್ಪತ್ರೆ ಗೇಟಲ್ಲಿ ವಾಚ್‌ಮನ್ ಕೈಗೆ ಕೊಡು. ಲೆಕ್ಕ ಹೇಳಿ ಕಳಿಸ್ಬೇಡ. ನಿನ್ನ ಲೆಕ್ಕ ಕೇಳಿ ಕೇಳಿ ಸಾಕಾಗಿದೆ."

ಮೆಟ್ಟಿಲಿಳಿಯುವಾಗ ಚಾಪೆ ಗೋಡೆಗೆ ತಾಗಿ ಸುಣ್ಣ ಉದುರಿತು.

ದುಡ್ಡನ್ನು ಅವನು ಗೇಟಿಗೆ ಒಯ್ದು ಕೊಟ್ಟ. ಅಕ್ಕ ಅದನ್ನು ಇಸಿದುಕೊಂಡಳೆಂದು ವಾಚ್‌ಮನ್ ಹೇಳಿದ, ಎಣಿಸಲಿಲ್ಲ ಎಂದೂ ಹೇಳಿದ. ಆಯಮ್ಮನ ಕೋಣೆಯಲ್ಲಿ ಬೇರೆ ಯಾರೋ ಇದ್ದಾರೆ. ಅಕ್ಕ ಎಲ್ಲಿ ಮಲಗುತ್ತಾಳೆಂದು ಆಸ್ಪತ್ರೆಯವರು ಯಾರೂ ಬಾಯಿ ಬಿಡಲಿಲ್ಲ. ಮನೆಯಲ್ಲಿ ಟೀವಿ ಆರಿದ ಮೇಲೆ ತಮ್ಮನ ಹೆಂಡತಿ ಈಗಲೂ ಹಾಲ್‌ನ ಕುರ್ಚಿಗಳನ್ನು ಗೋಡೆಗೆ ಸರಿಸುತ್ತಾಳೆ. ಆ ಜಾಗಕ್ಕೆ ಅಕ್ಕ ಮತ್ತೆ ಬರಲಿಲ್ಲ.